ಲಿಫ್ಟ್‌ನ ಕರೆಂಟ್ ಯಾವಾಗ ಕಡಿಯಬೇಕು?

ಮಾನ್ಯ ಸಂಪಾದಕರೇ,

ಮುಂಬಯಿ, ಠಾಣೆಗಳಲ್ಲಿ ಚಾಳುಗಳಿದ್ದ ಜಾಗದಲ್ಲೆಲ್ಲ ಟವರ್‌ಗಳು ಎದ್ದಿವೆ. ಅವುಗಳ ಸೊಸೈಟಿ ಕಮಿಟಿಗಳಲ್ಲಿ ಕನ್ನಡಿಗರೂ ಇದ್ದಾರೆ. ಜನವರಿ, ಜುಲೈ ಬಂತೆಂದರೆ ಅಗ್ನಿಸುರಕ್ಷೆಯ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ‘ಫಾರ್ಮ್ ಬಿ’ ಪ್ರಮಾಣಪತ್ರಕ್ಕೆ ಓಡಾಟ. ಪಂಪ್ ಓಡಿತೇ, ಅಲಾರಂ ಕೂಗಿತೇ ಎಂದು ನೋಡುತ್ತಾರೆ. ಬೆಂಕಿಯ ಶಾಖಕ್ಕೆ ತಾನೇ ತೆರೆದುಕೊಳ್ಳುವ ಸ್ಪ್ರಿಂಕ್ಲರ್ ನೀರು ಬಿಟ್ಟರೆ ಲಿಫ್ಟ್‌ನ ಕರೆಂಟ್ ಏನಾಗಬೇಕು ಎಂದು ಕೇಳುವವರು ಕಡಿಮೆ.

ಲಿಫ್ಟ್ ಏರಿಳಿಯುವ ಬಾವಿಯಲ್ಲೋ ಮೆಷಿನ್ ರೂಮಿನಲ್ಲೋ ಸ್ಪ್ರಿಂಕ್ಲರ್ ಇರುವ ಕಟ್ಟಡಗಳಿಗೆ ಮಾತ್ರ ಈ ಮಾತು. ಬ್ರೇಕ್ ನೆನೆದರೆ ಹಿಡಿತ ತಪ್ಪಿ ಲಿಫ್ಟ್ ಜಾರಬಹುದು. ಲಿಫ್ಟನ್ನು ನಡೆಸುವ ಕಂಟ್ರೋಲರ್‌ಗೆ ನೀರು ಬಿದ್ದು ಡೋರ್ ಲಾಕ್ ಸರ್ಕ್ಯೂಟ್ ಶಾರ್ಟ್ ಆದರೆ, ಬಾಗಿಲು ತೆರೆದಿರುವಾಗಲೇ ಲಿಫ್ಟ್ ಹೊರಟುಬಿಡಬಹುದು. ಅದಕ್ಕೇ ಅಮೆರಿಕದ ಲಿಫ್ಟ್ ಸುರಕ್ಷಾ ಸಂಹಿತೆ ಎಎಸ್‌ಎಂಇ ಎ17.1, ನೀರು ಬೀಳುವ ಮೊದಲು ಅಥವಾ ಬೀಳುವ ಹೊತ್ತಿಗೆ ಮೇನ್ ಕರೆಂಟ್ ಕಡಿಯಲೇಬೇಕು ಎನ್ನುತ್ತದೆ. ಬಾವಿಯ ತಳದಿಂದ 600 ಮಿ.ಮೀ. ಎತ್ತರದೊಳಗಿನ ಸ್ಪ್ರಿಂಕ್ಲರ್‌ಗೆ ಮಾತ್ರ ವಿನಾಯಿತಿ.

ಆದರೆ ಬೇಗ ಕಡಿದರೂ ಅಪಾಯವೇ, ಒಳಗಿದ್ದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಮೊದಲು ಸ್ಮೋಕ್ ಡಿಟೆಕ್ಟರ್ ಕೆಲಸ ಮಾಡಿ ಲಿಫ್ಟ್ ನೆಲಮಹಡಿಗೆ ಬಂದು ಬಾಗಿಲು ತೆರೆಯಬೇಕು. ಆಮೇಲೆ ಹೀಟ್ ಡಿಟೆಕ್ಟರ್, ಬ್ರೇಕರನ್ನು ದೂರದಿಂದಲೇ ಬೀಳಿಸುವ ಶಂಟ್ ಟ್ರಿಪ್ ಕಾಯಿಲ್‌ಗೆ ಸಂಕೇತ ಕೊಟ್ಟು ಲಿಫ್ಟ್‌ನ ಮೇನ್ ಬ್ರೇಕರ್ ಬೀಳಿಸಬೇಕು. ಅಮೆರಿಕದ ಫೈರ್ ಅಲಾರಂ ಸಂಹಿತೆ ಎನ್‌ಎಫ್‌ಪಿಎ 72ರ ಪ್ರಕಾರ ಹೀಟ್ ಡಿಟೆಕ್ಟರ್ ಪ್ರತಿ ಸ್ಪ್ರಿಂಕ್ಲರ್‌ನಿಂದ 610 ಮಿ.ಮೀ. ಒಳಗಿರಬೇಕು, ಸ್ಪ್ರಿಂಕ್ಲರ್‌ಗಿಂತ ಕಡಿಮೆ ಶಾಖಕ್ಕೆ ಕೆಲಸ ಮಾಡಬೇಕು. ಕೆಂಪು ಬಲ್ಬಿನ 68 ಡಿಗ್ರಿ ಸ್ಪ್ರಿಂಕ್ಲರ್ ಇದ್ದಲ್ಲಿ 57 ಡಿಗ್ರಿಯದು ಸರಿ.

ಖರ್ಚು ಉಳಿಸಲು ಪೈಪಿನಲ್ಲಿ ನೀರು ಹರಿದದ್ದನ್ನು ತಿಳಿಸುವ ಇಡೀ ಕಟ್ಟಡದ ಫ್ಲೋ ಸ್ವಿಚ್‌ನಿಂದಲೇ ಶಂಟ್ ಟ್ರಿಪ್‌ಗೆ ವೈರ್ ಎಳೆಯುವುದು ದೊಡ್ಡ ತಪ್ಪು. ಯಾವುದೋ ಮಹಡಿಯ ಅಡುಗೆಮನೆಯಲ್ಲಿ ಸ್ಪ್ರಿಂಕ್ಲರ್ ಒಡೆದರೆ ಎಲ್ಲ ಲಿಫ್ಟ್‌ಗಳೂ ನಿಂತಲ್ಲೇ ನಿಲ್ಲುತ್ತವೆ. ಒತ್ತಡದ ಏರಿಳಿತಕ್ಕೆ ಸುಮ್ಮನೆ ಕೂಗಬಾರದೆಂದು ಆ ಸ್ವಿಚ್‌ಗೆ ಅರ್ಧ ನಿಮಿಷವೋ ಹೆಚ್ಚೋ ವಿಳಂಬ ಇಟ್ಟಿರುತ್ತಾರೆ. ನಿಜಕ್ಕೂ ಬಾವಿಯಲ್ಲೇ ನೀರು ಸುರಿದರೆ ಅಷ್ಟು ಹೊತ್ತು ಲಿಫ್ಟ್ ನೆನೆಯುತ್ತಲೇ ಓಡುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕು ಎಆರ್‌ಡಿ, ಅಂದರೆ ಕರೆಂಟ್ ಹೋದಾಗ ಒಳಗಿದ್ದವರನ್ನು ಪಾರುಮಾಡುವ ಸಾಧನ (ಆಟೋಮ್ಯಾಟಿಕ್ ರೆಸ್ಕ್ಯೂ ಡಿವೈಸ್). ಬ್ರೇಕರ್ ಬಿದ್ದದ್ದನ್ನು ಅದು ಮಾಮೂಲಿ ಕರೆಂಟ್ ಹೋದಂತೆ ತಿಳಿದು, ಬ್ಯಾಟರಿಯಿಂದ ಲಿಫ್ಟನ್ನು ಹತ್ತಿರದ ಮಹಡಿಗೆ ಒಯ್ಯುತ್ತದೆ. ಬೆಂಕಿ ಅದೇ ಮಹಡಿಯಲ್ಲಿದ್ದರೆ? ಬ್ರೇಕರ್ ಬಿದ್ದದ್ದನ್ನು ತಿಳಿಸುವ ಅದರ ಆಕ್ಸಿಲರಿ ಕಾಂಟಾಕ್ಟ್‌ನಿಂದ ಎಆರ್‌ಡಿಯನ್ನೂ ತಡೆಯಬೇಕು. ಬ್ರೇಕರ್ ಇರಬೇಕಾದ್ದು ಮೇನ್ ಕರೆಂಟ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಪ್ಯಾನೆಲ್ ಮತ್ತು ಕಂಟ್ರೋಲರ್ ನಡುವೆ. ಚೇಂಜ್‌ಓವರ್‌ಗಿಂತ ಮುಂಚೆ ಇದ್ದರೆ ಡೀಸೆಲ್ ಜನರೇಟರ್ ಶುರುವಾಗಿ ಒದ್ದೆ ಲಿಫ್ಟ್‌ಗೆ ಮತ್ತೆ ಕರೆಂಟ್ ಕೊಡುತ್ತದೆ. ಶಂಟ್ ಕಾಯಿಲ್‌ನ ಫ್ಯೂಸ್ ಹೋದರೆ ಫೈರ್ ಪ್ಯಾನೆಲ್‌ನಲ್ಲಿ ದೋಷ ಕಾಣಿಸಬೇಕು. ಇಲ್ಲವಾದರೆ ಬೆಂಕಿಯ ದಿನವೇ ಗೊತ್ತಾಗುತ್ತದೆ.

ಪರೀಕ್ಷೆ ಖಾಲಿ ಲಿಫ್ಟ್‌ನಲ್ಲಿ ನಡೆಯಲಿ. ಒಮ್ಮೆ ಬಿಸಿಯಾದರೆ ಕೆಟ್ಟೇಹೋಗುವ ಬಗೆಯ ಹೀಟ್ ಡಿಟೆಕ್ಟರ್‌ಗೆ ಬಿಸಿಗಾಳಿ ಹಿಡಿಯಬಾರದು, ಸಂಕೇತವನ್ನು ಡಿಟೆಕ್ಟರ್ ಕೂರಿಸಿರುವ ಬೇಸ್‌ನಲ್ಲೇ ಕೊಡಬೇಕು. ಲಿಫ್ಟ್‌ನ ಎಎಂಸಿಯವರೂ (ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು) ಫೈರ್ ಅಲಾರಂನ ಎಎಂಸಿಯವರೂ ಅಂದು ಒಟ್ಟಿಗೇ ಬರಲಿ. ಬೇರೆ ಬೇರೆ ಬಂದರೆ ತಮ್ಮ ತಮ್ಮ ಭಾಗ ಸರಿಯಿದೆ ಎಂದು ಬರೆದು ಹೋಗುತ್ತಾರೆ, ನಡುವಿನ ವೈರ್ ಯಾರ ಕಣ್ಣಿಗೂ ಬೀಳುವುದಿಲ್ಲ.

– ಲಿಫ್ಟ್ ಮತ್ತು ಫೈರ್ ಅಲಾರಂ ನಿರ್ವಹಣೆಯ ಕೆಲವು ಕನ್ನಡಿಗ ತಂತ್ರಜ್ಞರು, ಮುಲುಂಡ್, ಮುಂಬಯಿ