ಹಡಗಿಳಿದ ಒಂದು ಹಗಲು ಮತ್ತು ಕಬ್ಬಿನ ದ್ವೀಪ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಡಗಿನ ಪ್ರವಾಸದ ಬಗ್ಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಕೆರಿಬಿಯನ್ ದ್ವೀಪಗಳಲ್ಲಿ ಹಡಗು ಒಂದೊಂದು ಕಡೆ ಒಂದೊಂದು ಹಗಲು ಮಾತ್ರ ನಿಲ್ಲುವುದರಿಂದ ಅಷ್ಟರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ, ಕಡಲದಂಡೆಯಲ್ಲಿ ಛತ್ರಿಯ ಕೆಳಗೆ ಕುಳಿತು ಎಳನೀರು ಕುಡಿದು ಮರಳುವುದೇ ಜಾಣತನ ಎಂಬ ಅರ್ಥದ ಮಾತು ಅದರಲ್ಲಿತ್ತು. ಕಳೆದ ವರ್ಷದ ಮಾರ್ಚ್‌ನಲ್ಲಿ ಅಂಥದೇ ಹಡಗಿನಿಂದ ಬಾರ್ಬಡೋಸ್‌ನಲ್ಲಿ ಒಂದು ಹಗಲು ಇಳಿದು ಬಂದವನಾಗಿ, ಅದಕ್ಕಿಂತ ಮುಖ್ಯವಾಗಿ ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷಿಸುತ್ತ ಮೂವತ್ತು ವರ್ಷ ಕಳೆದವನಾಗಿ, ಈ ಮಾತನ್ನು ನಾನು ಒಪ್ಪಲಾರೆ. ಕಬ್ಬು ಬೆಳೆಯುವ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಗೆ ಆ ದ್ವೀಪದಲ್ಲಿ ನೋಡುವುದು ಬೇಕಾದಷ್ಟಿದೆ, ಅದಕ್ಕೆ ಒಂದು ಹಗಲು ಸಾಕು.

ಅಮೆರಿಕದಲ್ಲಿರುವ ಮಗ ನನ್ನನ್ನೂ ನನ್ನ ಮನೆಯವರನ್ನೂ ಕರೆಸಿಕೊಂಡಿದ್ದಾಗ ಪೋರ್ಟೊ ರಿಕೊದ ಸಾನ್ ಹುವಾನ್ ಬಂದರಿನಿಂದ ಹೊರಡುವ ಏಳು ದಿನಗಳ ಹಡಗಿಗೆ ಟಿಕೆಟ್ ತೆಗೆಸಿದ್ದ. (ಪೋರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿದ್ದು; ಹೊರಗಿನ ದ್ವೀಪಗಳನ್ನು ಸುತ್ತಿ ಅಲ್ಲಿಗೇ ಮರಳಬೇಕಾದ ನಮ್ಮಂಥವರ ಬಳಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅವಕಾಶವಿರುವ ಅಮೆರಿಕದ ವೀಸಾ ಇರಲೇಬೇಕು. ಪುರವಣಿಯ ಬರಹ ಇದನ್ನು ಬಿಟ್ಟಿದೆ, ಹೇಳಬೇಕಿತ್ತು.) ಹಡಗು ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನ ಬಂದರು ಮುಟ್ಟಿದ್ದು ಬೆಳಿಗ್ಗೆ 8 ಗಂಟೆಗೆ. ಸಂಜೆ ನಾಲ್ಕೂವರೆಯೊಳಗೆ ಎಲ್ಲರೂ ಹಡಗಿನಲ್ಲಿರತಕ್ಕದ್ದೆಂದು ಹಿಂದಿನ ರಾತ್ರಿಯೇ ಕೋಣೆಗೆ ಚೀಟಿ ಬಂದಿತ್ತು. ಹಡಗಿನವರೇ ನಡೆಸುವ ಬಸ್ ಪ್ರವಾಸದಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ. ತಮ್ಮಷ್ಟಕ್ಕೆ ತಾವು ಹೋದವರನ್ನು ಬಿಟ್ಟು ಹೊರಡುತ್ತದೆ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಬಹುಪಾಲು ಜನರನ್ನು ಬಂದರಿನ ಹತ್ತಿರದ ಮರಳಿಗೆ ಕಟ್ಟಿಹಾಕುವುದು ಈ ಅಂಜಿಕೆಯೇ ಎಂದು ನನಗೆ ತೋರುತ್ತದೆ. ಆದರೆ ಇಡೀ ದ್ವೀಪದ ವಿಸ್ತೀರ್ಣ 430 ಚದರ ಕಿಲೋಮೀಟರ್, ಉದ್ದ ಸುಮಾರು 34 ಕಿಲೋಮೀಟರ್. ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಅಂಥ 15 ದ್ವೀಪಗಳು ಹಿಡಿಸುತ್ತವೆ.

ಹೊರಡುವ ಮುನ್ನವೇ ಒಂದು ಫಜೀತಿಯಾಯಿತು. ಮೊಮ್ಮಗ ಮಿಲಿಟರಿಯವರ ಸಮವಸ್ತ್ರದಂಥ ಹಸಿರು ಮಚ್ಚೆಗಳ ಚಡ್ಡಿ ತೊಟ್ಟಿದ್ದ. ಆ ದೇಶದಲ್ಲಿ ಸೈನಿಕರಲ್ಲದವರು, ಮಕ್ಕಳೂ ಸಹ, ಅಂಥ ಬಟ್ಟೆ ತೊಡುವುದು ಕಾನೂನಿಗೆ ವಿರುದ್ಧವೆಂದು ಗೊತ್ತಾಗಿ, ಅವನನ್ನು ಮತ್ತೆ ಕೋಣೆಗೆ ಕರೆದೊಯ್ದು ಬದಲಿಸಿಕೊಂಡು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಬಂದರಿನ ಹೊರಗೆ ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತವೆ. ಮೀಟರ್ ಇರುವುದಿಲ್ಲವಾದ್ದರಿಂದ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು, ಹೇಳಿದ ಮೊತ್ತ ಅಮೆರಿಕದ ಡಾಲರಿನದೋ ಬಾರ್ಬಡೋಸ್ ಡಾಲರಿನದೋ ಎಂದೂ ಕೇಳಿಕೊಳ್ಳಬೇಕು. 1975ರಿಂದ ಅಲ್ಲಿಯ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್ ಎಂಬ ದರ ಬದಲಾಗಿಲ್ಲ. ಕೇಳದೆ ಕುಳಿತವನು ದುಪ್ಪಟ್ಟು ತೆರುತ್ತಾನೆ.

ನಮ್ಮ ಚಾಲಕ ವಯಸ್ಸಾದ ಮನುಷ್ಯ. ಯಾವ ದಂಡೆಗೆ ಎಂದು ಕೇಳಿದ. ಕಬ್ಬು ಇರುವ ಕಡೆಗೆ ಎಂದು ಮಗ ಹೇಳಿದಾಗ ಹಿಂದಿರುಗಿ ನನ್ನನ್ನೊಮ್ಮೆ ನೋಡಿದ, ಆಮೇಲೆ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಉತ್ತರದ ಗುಡ್ಡದ ಮೇಲಿರುವ ಸೇಂಟ್ ನಿಕೊಲಸ್ ಅಬ್ಬಿ, ಹೆಸರಿಗೆ ಮಠವಾದರೂ, 1658ರ ಸುಮಾರಿಗೆ ಕಟ್ಟಿದ ಕಬ್ಬಿನ ತೋಟದ ಯಜಮಾನರ ಮನೆ. ಅಲ್ಲಿ ಉಗಿಯಿಂದ ನಡೆಯುವ ಹಳೆಯ ಗಾಣವನ್ನು ಇಂದಿಗೂ ಓಡಿಸುತ್ತಾರೆ. ಕಬ್ಬು ಉರುಳೆಗಳ ನಡುವೆ ಸಿಕ್ಕು ಕರಕರ ಎನ್ನುವ ಸದ್ದು, ಕಬ್ಬಿನ ಸಿಪ್ಪೆಯ ರಾಶಿಯ ಹುಳಿವಾಸನೆ, ರಸ ಕಾಯ್ದು ನೊರೆ ಉಕ್ಕುವಾಗಿನ ಹಬೆ, ಎಲ್ಲವೂ ಮಹಾಲಿಂಗಪುರದ ಕಡೆಯ ಯಾವುದೋ ಗಾಣದ ಮನೆಗೆ ಹೊಕ್ಕಂತೆಯೇ ಇದ್ದವು. ಒಂದು ತುಂಡು ಕೇಳಿ ಪಡೆದು ಕಚ್ಚಿದೆ. ರಸದ ಬ್ರಿಕ್ಸ್ ಅಂದರೆ ಸಿಹಿಯ ಪ್ರಮಾಣವನ್ನು ಹಲ್ಲಿನಿಂದಲೇ ಹೇಳುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಹದಿನೆಂಟಕ್ಕೆ ಕಡಿಮೆ ಇರಲಿಲ್ಲ. ಒಳಗಿನ ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ಹಾಳೆ ಇದೆ. ನಮ್ಮ ಕಾರ್ಖಾನೆಗಳಲ್ಲಿ ದಾಸ್ತಾನು ಪುಸ್ತಕ ಬರೆಯುವ ಕ್ರಮದಲ್ಲೇ ಅದರಲ್ಲಿ ಆ ತೋಟದ ಗುಲಾಮರ ಹೆಸರುಗಳನ್ನು ಬರೆದು, ಪ್ರತಿಯೊಂದರ ಎದುರು ಬೆಲೆ ನಮೂದಿಸಿದ್ದಾರೆ. ನಾನು ನನ್ನ ಜೀವಮಾನದಲ್ಲಿ ಎಷ್ಟೋ ತಖ್ತೆಗಳನ್ನು ತುಂಬಿದ್ದೇನೆ. ಆ ಹಾಳೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಇಂಗ್ಲಿಷರು ಅಲ್ಲಿ ನೆಲೆಸಿದ್ದು 1627ರಲ್ಲಿ. 1640ರ ದಶಕದಲ್ಲಿ ಬ್ರೆಜಿಲ್‌ನ ಕಡೆಯಿಂದ ಕಬ್ಬಿನ ಬೇಸಾಯವನ್ನೂ ಸಕ್ಕರೆ ತೆಗೆಯುವ ವಿದ್ಯೆಯನ್ನೂ ತಂದರು, ಆಫ್ರಿಕಾದಿಂದ ಜನರನ್ನು ಹಿಡಿದು ತಂದರು, 1661ರಲ್ಲಿ ಆ ಜನರನ್ನು ಸ್ವತ್ತೆಂದು ಕಾಣುವ ಕಾಯಿದೆಯನ್ನೇ ಬರೆದರು. ದೊಡ್ಡ ಹೊಳೆಗಳಿಲ್ಲದ ಆ ದ್ವೀಪದಲ್ಲಿ ಪೂರ್ವದಿಂದ ವರ್ಷವಿಡೀ ಬೀಸುವ ಗಾಳಿಯೇ ಗಾಣ ತಿರುಗಿಸುತ್ತಿತ್ತು. ಅಂಥ ಗಾಳಿಗಾಣಗಳಲ್ಲಿ ಮಾರ್ಗನ್ ಲೂಯಿಸ್ ಎಂಬಲ್ಲಿಯದು ರೆಕ್ಕೆ, ಉರುಳೆಗಳ ಸಮೇತ ಉಳಿದುಕೊಂಡಿದೆ. ನಾವು ಅದನ್ನು ಹೊರಗಿನಿಂದಷ್ಟೇ ನೋಡಿದೆವು. ಗಾಳಿ ಜೋರಾದಾಗ ಗಾಣವನ್ನು ಥಟ್ಟನೆ ನಿಲ್ಲಿಸುವ ಉಪಾಯವಿರಲಿಲ್ಲ. ಕಬ್ಬು ಕೊಡುವವರ ಕೈ ಉರುಳೆಗೆ ಸಿಕ್ಕರೆ ಕಡಿದು ಬಿಡಿಸಲೆಂದು ಪಕ್ಕದಲ್ಲಿ ಕೊಡಲಿ ಇಟ್ಟಿರುತ್ತಿದ್ದರೆಂಬುದು ವೆಸ್ಟ್ ಇಂಡೀಸ್‌ನ ಗಾಣಗಳ ಬಗ್ಗೆ ದಾಖಲಾಗಿರುವ ಸಂಗತಿ. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1834ರ ಆಗಸ್ಟ್ 1ರಂದು, ನಿಜವಾಗಿ ಬಿಡುಗಡೆ ಸಿಕ್ಕಿದ್ದು ನಾಲ್ಕು ವರ್ಷಗಳ ನಂತರ. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳ ಗುಲಾಮರ ಒಡೆಯರಿಗೆ ಒಟ್ಟು 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ದುಡಿದವರಿಗೆ ಬಿಡಿಗಾಸೂ ಇಲ್ಲ.

ಬಿಡುಗಡೆಯಾದವರು ಎಲ್ಲಿಗೆ ಹೋಗಬೇಕು? ನೆಲವೆಲ್ಲ ತೋಟದವರದೇ. ಹಾಗಾಗಿ ತೋಟದ ಅಂಚಿನಲ್ಲೇ, ಅವರ ನೆಲದಲ್ಲೇ, ಹಲಗೆಯ ಸಣ್ಣ ಮನೆಗಳನ್ನು ಹೂಡಿದರು. ಚಾಟೆಲ್ ಮನೆ ಎನ್ನುತ್ತಾರೆ. ತಳಪಾಯವಿಲ್ಲ, ಬಿಡಿ ಕಲ್ಲುಗಳನ್ನು ಇಟ್ಟು ಅದರ ಮೇಲೆ ಕೂರಿಸಿದ ಮನೆ. ಒಡೆಯ ಎಬ್ಬಿಸಿದರೆ ಹಲಗೆಗಳನ್ನು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಇನ್ನೊಂದು ಕಡೆ ಜೋಡಿಸಬೇಕು. ರಸ್ತೆಯ ಬದಿಗೆ ಅಂಥ ಒಂದು ಮನೆಯ ಮುಂದೆ ಚಾಲಕ ಗಾಡಿ ನಿಲ್ಲಿಸಿದ. ನಾನು ಬಗ್ಗಿ ನೋಡಿದೆ: ಮೂಲೆಯ ಕಲ್ಲು ಅಲುಗುತ್ತಿತ್ತು, ಅದರಡಿ ಕೋಳಿಯೊಂದು ಮಲಗಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ತಂದೆ ಹಳೆಯ ಬಾಗಲಕೋಟೆಯ ಮನೆಯ ಸಾಗವಾನಿ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ಸಾಗಿಸಿದ್ದು ನೆನಪಾಯಿತು. ಹಂಗಾಮಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ವಿಜಯಪುರದ ತಾಂಡಾಗಳಿಂದಲೂ ಬರುವ ಕಬ್ಬು ಕಡಿಯುವ ಟೋಳಿಗಳು ನಮ್ಮ ಕಾರ್ಖಾನೆಯ ಬದಿಗೆ ಹಾಕಿಕೊಳ್ಳುತ್ತಿದ್ದ ಜೋಪಡಿಗಳೂ ನೆನಪಾದವು. ಅವರನ್ನು ಯಾರೂ ಸರಪಳಿಯಲ್ಲಿ ಕಟ್ಟಿ ತಂದಿರಲಿಲ್ಲ, ಎರಡನ್ನೂ ಒಂದೇ ಎನ್ನುವಷ್ಟು ಅವಿವೇಕಿ ನಾನಲ್ಲ. ಆದರೂ ಮುಂಗಡದ ಸಾಲ ತೀರುವತನಕ ಕದಲಲಾಗದವರನ್ನು ಪ್ರಯೋಗಾಲಯದ ಕಿಟಕಿಯಿಂದ ಮೂವತ್ತು ಹಂಗಾಮು ನೋಡಿದ್ದೇನೆ, ಅವರ ಬಗ್ಗೆ ಯೋಚಿಸಿದ್ದು ಅಲ್ಲಿ.

ನಮ್ಮ ದೇಶದ ಕೂಲಿಗಳು ಈ ದ್ವೀಪಕ್ಕೆ ಏಕೆ ಬರಲಿಲ್ಲ ಎಂಬ ಇನ್ನೊಂದು ಪ್ರಶ್ನೆಗೂ ಆ ಮನೆಗಳೇ ಉತ್ತರ ಹೇಳುತ್ತವೆ. ಟ್ರಿನಿಡಾಡ್‌ಗೆ 1845ರಿಂದ ನಮ್ಮ ದೇಶದ ಕೂಲಿಗಳನ್ನು ಕರಾರಿನ ಮೇಲೆ ಹಡಗು ಹಡಗಾಗಿ ಒಯ್ದರು. ಬಾರ್ಬಡೋಸ್‌ಗೆ ಹಾಗೆ ಒಯ್ಯಲಿಲ್ಲ. ಜನ ಕಿಕ್ಕಿರಿದ, ಖಾಲಿ ನೆಲವಿಲ್ಲದ ಆ ದ್ವೀಪದಲ್ಲಿ ಬಿಡುಗಡೆಯಾದವರು ಬೇರೆ ದಾರಿ ಕಾಣದೆ ಅದೇ ಒಡೆಯರ ಬಳಿ ಕೂಲಿಗೆ ನಿಂತದ್ದರಿಂದ ಹೊರಗಿನವರ ಅಗತ್ಯ ಬೀಳಲಿಲ್ಲ.

ನಮ್ಮ ರೈತರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಕಬ್ಬಿನ ಹೂವಿನ ಬೀಜ ಬಂಜೆಯೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ಅದು ಮೊಳೆಯುತ್ತದೆಂದು 1888ರಲ್ಲಿ ಇದೇ ದ್ವೀಪದಲ್ಲಿ ಹ್ಯಾರಿಸನ್ ಮತ್ತು ಬೊವೆಲ್ ಎಂಬಿಬ್ಬರು ಕಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಾವಾದಲ್ಲೂ ಅದು ಕಂಡುಬಂದಿತ್ತು. ಕಬ್ಬಿನಲ್ಲಿ ತಳಿಗೆ ತಳಿ ಕೂಡಿಸುವ ವಿದ್ಯೆಗೆ ದಾರಿಯಾದದ್ದು ಅಲ್ಲಿಂದ. 1912ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರ ಶುರುವಾಗಿ, ವಿಜ್ಞಾನಿಗಳಾದ ಬಾರ್ಬರ್ ಮತ್ತು ವೆಂಕಟರಾಮನ್ ಅವರ ಕೈಯಲ್ಲಿ ಕೊಯಮತ್ತೂರು ತಳಿಗಳು ಹುಟ್ಟಿ, ಇಂದು ಜಮಖಂಡಿಯ ಹೊಲದಲ್ಲಿ ಅಲ್ಲಿಯದೇ 86032 ಎಂಬ ತಳಿ ನಿಂತಿದೆ. ಪುರವಣಿಯ ಬರಹಗಾರರು ನೋಡುವಂಥದ್ದು ಏನೂ ಇರುವುದಿಲ್ಲ ಎಂದಾಗ ನನಗೆ ಸಿಟ್ಟು ಬಂದದ್ದು ಇದಕ್ಕೇ.

ಬ್ರಿಜ್‌ಟೌನ್ ಪಟ್ಟಣಕ್ಕೆ ಉಳಿದದ್ದು ಒಂದೂವರೆ ಗಂಟೆ. ವಿಶ್ವ ಪರಂಪರೆಯ ಪಟ್ಟಿಗೆ 2011ರಲ್ಲಿ ಸೇರಿದ ಪಟ್ಟಣವಿದು. ಸಂಸತ್ ಭವನದೆದುರಿನ ಚೌಕದಲ್ಲಿ 1813ರಿಂದ ನಿಂತಿದ್ದ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್‌ನ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಕೆಳಗಿಳಿಸಿದರು. ಮರುವರ್ಷ ಅದೇ ತಿಂಗಳು ದೇಶ ಗಣರಾಜ್ಯವಾಯಿತು. ಮೊಮ್ಮಗನಿಗೆ ಬೇಕಾದದ್ದು ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ. 2024ರ ಜೂನ್ 29ರಂದು ನಮ್ಮ ತಂಡ 7 ರನ್ನುಗಳಿಂದ ಟಿ20 ವಿಶ್ವಕಪ್ ಗೆದ್ದದ್ದು, ರಾಹುಲ್ ದ್ರಾವಿಡ್ ಕಪ್ ಹಿಡಿದು ಕೂಗಿದ್ದು ಅಲ್ಲಿಯೇ; ಗೇಟಿನ ಹೊರಗೆ ನಿಲ್ಲಿಸಿ ಅವನ ಫೋಟೋ ತೆಗೆದೆವು. ಮಧ್ಯಾಹ್ನದ ಊಟಕ್ಕೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯ ಜೊತೆ ತಿರುವಿ ಬೇಯಿಸಿದ ಕುಕು ಎಂಬ ಪದಾರ್ಥ ಸಿಕ್ಕಿತು. ಮೀನು ಬೇಡವೆಂದು ಹೇಳಿ ತರಿಸಿಕೊಂಡೆವು. ನನ್ನ ಮನೆಯವರು ಒಂದು ತುತ್ತು ಬಾಯಿಗಿಟ್ಟು, “ಇದು ನಮ್ಮ ಸಂಗಟಿನೇ ಅಲ್ಲೇನ್ರೀ, ಬೆಂಡಿಕಾಯಿ ಹಾಕ್ಯಾರಷ್ಟ” ಎಂದರು.

ಕಡಲು ಚೆಂದವಿಲ್ಲವೆಂದು ನಾನು ಹೇಳುತ್ತಿಲ್ಲ. ಅರ್ಧ ಗಂಟೆ ಅಲ್ಲೂ ಕಾಲು ನೆನೆಸಿದೆವು. ಆದರೆ ತಾವು ಈ ವಿಷಯದ ಮೇಲೆ ಮತ್ತೆ ಬರಹ ಪ್ರಕಟಿಸುವುದಾದರೆ, ಮರಳಿನ ಚಿತ್ರಗಳ ನಡುವೆ ಒಂದು ಗಾಳಿಗಾಣದ, ಒಂದು ಚಾಟೆಲ್ ಮನೆಯ ಚಿತ್ರಕ್ಕೂ ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾವು ಬಂದರಿನ ಗೇಟು ಮುಟ್ಟಿದೆವು. ಮೂರು ಗಣ್ಣಿನ ಕಬ್ಬಿನ ತುಂಡೊಂದನ್ನು, ಹಿತ್ತಲಲ್ಲಿ ನೆಡುವ ಆಸೆಯಿಂದ, ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತಪಾಸಣೆಯ ಹೆಣ್ಣುಮಗಳು ಅದನ್ನು ಹೊರತೆಗೆದು, ಗಿಡ ಬೀಜ ಏನನ್ನೂ ಹಡಗಿಗೆ ಒಯ್ಯುವಂತಿಲ್ಲ ಎಂದಳು. ನಿಯಮ ಸರಿಯಾದದ್ದೇ, ಕಬ್ಬಿನ ರೋಗ ದೇಶದಿಂದ ದೇಶಕ್ಕೆ ಹೋಗುವುದು ಹೀಗೆಯೇ ಎಂದು ನಾನೇ ಎಷ್ಟೋ ರೈತರಿಗೆ ಹೇಳಿದ್ದೇನೆ. ಅವಳು ಅದನ್ನು ಕಸದ ಡಬ್ಬಿಗೆ ಹಾಕಲಿಲ್ಲ. ಮೇಜಿನ ಮೇಲೆ ತನ್ನ ನೀರಿನ ಬಾಟಲಿಯ ಪಕ್ಕ ಇಟ್ಟುಕೊಂಡಳು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಕ್ಕರೆ ಕಾರ್ಖಾನೆ ನೌಕರ
ನವನಗರ, ಬಾಗಲಕೋಟೆ