ಡಿಸ್ಚಾರ್ಜ್ ತಡವಾದರೆ ಬೈಸಿಕೊಳ್ಳುವವರು ಯಾರು?

ಮಾನ್ಯ ಸಂಪಾದಕರೇ,

ವಿಮೆ ಇರುವ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳು ಡಿಸ್ಚಾರ್ಜ್ ದಿನ ಸಂಜೆಯವರೆಗೂ ಕಾಯಿಸುತ್ತವೆ ಎಂಬ ದೂರು ಆಗಾಗ ಕೇಳಿಬರುತ್ತದೆ. ದೂರು ನಿಜ. ಶಿವಮೊಗ್ಗದ ಆಸ್ಪತ್ರೆಯೊಂದರ ವಿಮಾ ಕೌಂಟರಿನಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು ಕೌಂಟರಿನ ಒಳಗೆ ನಡೆಯುವುದನ್ನೂ ಓದುಗರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಯೊಳಗೆ ವಿಮಾ ಕಂಪನಿ ಡಿಸ್ಚಾರ್ಜ್‌ಗೆ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ ಆ 3 ಗಂಟೆ ಶುರುವಾಗುವುದು ನಾವು ಕಾಗದಪತ್ರ ಕಳಿಸಿದ ಮೇಲೆ. ಬೆಳಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಅಂದ ಕೂಡಲೇ ರೋಗಿಯ ಕಡೆಯವರು ಬಟ್ಟೆಬರೆ ಕಟ್ಟಿಕೊಂಡು ಕೂರುತ್ತಾರೆ. ಉಳಿದ ಔಷಧಿ ವಾರ್ಡಿನಿಂದ ಫಾರ್ಮಸಿಗೆ ವಾಪಸಾಗಬೇಕು, ಲ್ಯಾಬ್ ಬಿಲ್ ಸೇರಬೇಕು, ಡಿಸ್ಚಾರ್ಜ್ ಸಮ್ಮರಿ ಟೈಪಾಗಿ ಸಹಿ ಬೀಳಬೇಕು. ಅಷ್ಟೂ ಆದ ಮೇಲೆ ‘ಬಿಪಿ ಎಷ್ಟು ವರ್ಷದಿಂದ ಇದೆ, ಡಾಕ್ಟರಿಂದಲೇ ಬರೆಸಿ ಕಳಿಸಿ’ ಎಂದು ಕಂಪನಿಯಿಂದ ಕ್ವೆರಿ ಬರುತ್ತದೆ.

ಆ ಒಂದು ಸಾಲು ಬರೆಸಲು ನಮ್ಮ ವಿಭಾಗದ ಹುಡುಗಿ ಫೈಲ್ ಹಿಡಿದು ಒಪಿಡಿ ಬಾಗಿಲ ಹೊರಗೆ ನಿಂತಿರುತ್ತಾಳೆ. ಒಳಗೆ ಹೋಗಲು ಹೆದರಿಕೆ. ಹಿಂದೊಮ್ಮೆ ಹೋದಾಗ ಡಾಕ್ಟರು ರೋಗಿಗಳ ಎದುರಿಗೇ ಫೈಲನ್ನು ನೆಲಕ್ಕೆ ಎಸೆದಿದ್ದರು. ಬಿದ್ದ ಇಸಿಜಿ ಕಾಗದಗಳನ್ನು ಅವಳು ಕೂತು ಹೆಕ್ಕಿಕೊಂಡಿದ್ದಳು. ಸಹಿ ಇಲ್ಲದೆ ವಾಪಸ್ ಬಂದರೆ ಮ್ಯಾನೇಜರು ‘ಇಷ್ಟೂ ಆಗಲ್ಲ ಅಂದ್ರೆ ನಿನಗ್ಯಾಕೆ ಸಂಬಳ?’ ಎನ್ನುತ್ತಾರೆ. ತೀರ್ಥಹಳ್ಳಿ ಬಸ್ಸು ತಪ್ಪುತ್ತದೆಂದು ರೋಗಿಯ ಮಗ ಕೌಂಟರಿನಾಚೆ ಮೇಜು ಕುಟ್ಟುತ್ತಿರುತ್ತಾನೆ. ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೆಂಡಿಂಗ್ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಅವಳ ಹೆಸರು. ಸಹಿ ಹಾಕದವರ ಹೆಸರು ಅಲ್ಲಿರುವುದಿಲ್ಲ.

ಡಾಕ್ಟರ ಮೇಲಿನ ಕೆಲಸದ ಹೊರೆ ನನಗೆ ಗೊತ್ತು, ಅವರ ಮೇಲೆ ದ್ವೇಷವಿಲ್ಲ. ಆದರೆ ಈ ಹೆದರಿಕೆಯೇ ರೋಗಿಯನ್ನು ಕಾಯಿಸುತ್ತಿದೆ. ಬೈಸಿಕೊಂಡು ಬೈಸಿಕೊಂಡು ಹುಡುಗಿಯರು ಕ್ವೆರಿ ಬಂದಿದೆಯೆಂದು ಹೇಳಲೂ ಹಿಂಜರಿಯುತ್ತಾರೆ. ಬೆಳಗ್ಗೆ ಮುಗಿಯಬೇಕಾದದ್ದು ಮಧ್ಯಾಹ್ನದ ಶಿಫ್ಟಿನವರ ತಲೆಗೆ ಬರುತ್ತದೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಬಿಟ್ಟುಹೋಗುತ್ತಾರೆ.

ಇನ್ನೊಂದು ಅನ್ಯಾಯ ಸಂಬಳಕ್ಕೆ ಸಂಬಂಧಿಸಿದ್ದು. ಕಂಪನಿ ಕ್ಲೇಮಿನಲ್ಲಿ ಹಣ ಕಡಿತ ಮಾಡಿದರೆ ಅದನ್ನು ನಮ್ಮ ಸಂಬಳದಿಂದ ಮುರಿದುಕೊಳ್ಳುತ್ತಾರೆ. ನೌಕರರ ವಿವರಣೆ ಕೇಳದೆ ನಷ್ಟದ ಹೆಸರಿನಲ್ಲಿ ಹಾಗೆ ಮುರಿಯುವಂತಿಲ್ಲ. ಇದು 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲೂ ಇದೆ. ಕಾರ್ಮಿಕ ಇಲಾಖೆಯವರು ಆಸ್ಪತ್ರೆಗಳ ಸಂಬಳದ ರಿಜಿಸ್ಟರನ್ನು ಒಮ್ಮೆ ತೆರೆದು ನೋಡಬೇಕು.

ಆಸ್ಪತ್ರೆ ನಡೆಸುವವರು ಸಮ್ಮರಿಯನ್ನು ಹಿಂದಿನ ಸಂಜೆಯೇ ತಯಾರು ಮಾಡಿಸಲಿ. ಫೈಲು ಯಾರ ಬಳಿ ಎಷ್ಟು ಹೊತ್ತು ಇತ್ತೆಂದು ಅದರ ಮೇಲೇ ಬರೆಸಲಿ, ಡಾಕ್ಟರು ಮ್ಯಾನೇಜರು ಎನ್ನದೆ ಎಲ್ಲರದ್ದೂ. ಬೈಯಲೇಬೇಕಿದ್ದರೆ ಒಳಗೆ ಕರೆದು ಮಾತಾಡಲಿ.

ಕಾಯುತ್ತಿರುವ ಮನೆಯವರಲ್ಲೂ ಒಂದು ವಿನಂತಿ. ‘ಬಿಲ್ ಎಷ್ಟು ಗಂಟೆಗೆ ಕಂಪನಿಗೆ ಹೋಯಿತು?’ ಎಂದು ಕೇಳಿ, ಅದನ್ನು ಬರೆದುಕೊಡಲು ಹೇಳಿ. ತಡ ಎಲ್ಲಾಯಿತೆಂದು ಅದರಿಂದಲೇ ನಿಮಗೆ ಗೊತ್ತಾಗುತ್ತದೆ.

– ವಿಮಾ ವಿಭಾಗದ ಉದ್ಯೋಗಿ, ಶಿವಮೊಗ್ಗ
(ಕೆಲಸದ ಭದ್ರತೆಯ ದೃಷ್ಟಿಯಿಂದ ಹೆಸರು ಪ್ರಕಟಿಸಬಾರದಾಗಿ ಕೋರಿಕೆ)