ವಿದ್ಯಾರ್ಥಿವೇತನದ ಆದಾಯ ಮಿತಿ, ಪಹಣಿ ನಿಯಮ ಪರಿಷ್ಕರಣೆಯಾಗಲಿ

ಮಾನ್ಯ ಸಂಪಾದಕರೇ,

ಪಿಯುಸಿ ಮತ್ತು ಪದವಿ ತರಗತಿಗಳ ಪ್ರವೇಶ ಮುಗಿಯುತ್ತಿದ್ದಂತೆ ಕೊಡಗಿನ ನಾಡಕಚೇರಿಗಳ ಮುಂದೆಯೂ ಸೈಬರ್ ಸೆಂಟರ್‌ಗಳ ಮುಂದೆಯೂ ವಿದ್ಯಾರ್ಥಿವೇತನದ ಅರ್ಜಿಗಾಗಿ ಮಕ್ಕಳು ಸಾಲುಗಟ್ಟುತ್ತಾರೆ. ಸರ್ಕಾರ ಕೊಡುವ ಹಣ ಸಾಲದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ನಿಜವೂ ಹೌದು. ಆದರೆ ಕಾಲೇಜೊಂದರಲ್ಲಿ ಹಲವು ವರ್ಷ ಈ ಕಡತಗಳನ್ನು ನೋಡಿಕೊಂಡ ನನಗೆ, ಹಣದ ಕೊರತೆಗಿಂತಲೂ ಆ ಹಣ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸುವ ಅಳತೆಗೋಲು ಹಳತಾಗಿರುವುದೇ ದೊಡ್ಡ ಅನ್ಯಾಯವಾಗಿ ಕಂಡಿದೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಸಿಗುವ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಈ ಮಿತಿ ನಿಗದಿಯಾದದ್ದು 2013ರಲ್ಲಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 174 ರೂಪಾಯಿ ಇತ್ತು, 2025–26ರ ಹೊತ್ತಿಗೆ ಅದು 370 ರೂಪಾಯಿ ಆಯಿತು. ಗಂಡ ಹೆಂಡತಿ ಇಬ್ಬರೂ ಇದೇ ದರದಲ್ಲಿ ವರ್ಷಕ್ಕೆ ಮುನ್ನೂರು ದಿನ ಮೈಮುರಿದು ದುಡಿದರು ಎಂದಿಟ್ಟುಕೊಂಡರೆ 2013ರಲ್ಲಿ ಅವರ ಆದಾಯ 1,04,400 ರೂಪಾಯಿ ಆಗುತ್ತಿತ್ತು, ಅಂದರೆ ಮಿತಿಯ ಅರ್ಧಕ್ಕಿಂತ ಕಡಿಮೆ. 2025–26ರ ದರದಲ್ಲಿ ಅದೇ ದುಡಿಮೆಗೆ 2,22,000 ರೂಪಾಯಿ ಆಗುತ್ತದೆ. ಅವರ ಬಡತನ ಕಡಿಮೆಯಾಗಿಲ್ಲ, ಅಕ್ಕಿ, ಬಾಡಿಗೆ, ಔಷಧಿ ಯಾವುದೂ ಅಗ್ಗವಾಗಿಲ್ಲ. ಕಾಗದದ ಮೇಲೆ ಮಾತ್ರ ಅವರು ಮಿತಿಯ ಅಂಚಿಗೆ ಬಂದು ನಿಂತಿದ್ದಾರೆ.

ಆ ಅಂಚು ದಾಟಿದರೆ ಏನಾಗುತ್ತದೆ ಎಂಬುದನ್ನು ಕಾರ್ಮಿಕರು ವಾಸಿಸುವ ತೋಟದ ಲೈನ್ ಮನೆಗಳಲ್ಲಿ ನೋಡಬಹುದು. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೂಲಿಯಲ್ಲಿರುವ ಮನೆಯ ಹುಡುಗಿಯೊಬ್ಬಳು ಬಿ.ಕಾಂ. ಎರಡನೇ ವರ್ಷಕ್ಕೆ ಬಂದಾಗ, ಅದುವರೆಗೆ ಪಿಯುಸಿಗೇ ಓದು ನಿಲ್ಲಿಸಿ ಮನೆಯಲ್ಲಿದ್ದ ಅವಳ ಅಣ್ಣ ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಲೆಕ್ಕಕ್ಕೆ ಬರಬೇಕಾದದ್ದು ಪೋಷಕರ ಆದಾಯ ಮಾತ್ರವಾದರೂ ಹೊಸ ಆದಾಯ ಪ್ರಮಾಣಪತ್ರದಲ್ಲಿ ಅವನ ಸಂಬಳವೂ ಸೇರಿ ಮೊತ್ತ ಮಿತಿಯನ್ನು ದಾಟಿತು, ಅವಳ ವಿದ್ಯಾರ್ಥಿವೇತನ ಪೂರ್ತಿಯಾಗಿ ನಿಂತಿತು. ಅಣ್ಣ ತಂದುಕೊಡುತ್ತಿದ್ದುದರಲ್ಲಿ ಎಷ್ಟು ಪಾಲು ತಂಗಿಯ ಓದಿಗೆ ಹೋಗುತ್ತದೆ ಎಂದು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಮಿತಿಗಿಂತ ನೂರು ರೂಪಾಯಿ ಕೆಳಗಿದ್ದವರಿಗೆ ಎಲ್ಲವೂ, ನೂರು ರೂಪಾಯಿ ಮೇಲಿದ್ದವರಿಗೆ ಏನೂ ಇಲ್ಲ ಎನ್ನುವ ನಿಯಮದ ಬದಲು, ಆದಾಯ ಏರಿದಂತೆ ನೆರವು ಹಂತ ಹಂತವಾಗಿ ಇಳಿಯುವ ವ್ಯವಸ್ಥೆ ಮಾಡುವುದು ಕಂಪ್ಯೂಟರ್ ಯುಗದಲ್ಲಿ ಕಷ್ಟದ ಕೆಲಸವೇನಲ್ಲ.

ಇದೇ ಕೇಂದ್ರ ಸರ್ಕಾರ 2019ರಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಮೀಸಲಾತಿ ತಂದಾಗ ಕುಟುಂಬದ ಆದಾಯದ ಮಿತಿಯನ್ನು 8 ಲಕ್ಷ ರೂಪಾಯಿಗೆ ನಿಲ್ಲಿಸಿತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಪಡೆಯಲು ಇರುವ ಮಿತಿಯೂ 8 ಲಕ್ಷವೇ. ಒಬ್ಬರನ್ನು ಬಡವರೆಂದು ಒಪ್ಪಲು 8 ಲಕ್ಷ, ಇನ್ನೊಬ್ಬರನ್ನು ಒಪ್ಪಲು 2.5 ಲಕ್ಷ ಎಂಬ ಲೆಕ್ಕಕ್ಕೆ ಯಾವ ಸಮರ್ಥನೆಯೂ ನನಗೆ ಹೊಳೆಯುತ್ತಿಲ್ಲ. ಅದರ ಮೇಲೆ, ವಿದ್ಯಾಲಕ್ಷ್ಮಿ ಯೋಜನೆ ಅನ್ವಯಿಸುವುದು ಉನ್ನತ ಶ್ರೇಯಾಂಕ ಪಡೆದ, ಆರಂಭದಲ್ಲಿ ಸುಮಾರು 860 ಇದ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ. ಗ್ರಾಮೀಣ ಭಾಗದ ಸರ್ಕಾರಿ ಪದವಿ ಕಾಲೇಜುಗಳು ಅಂಥ ಪಟ್ಟಿಯಲ್ಲಿ ಕಾಣಸಿಗುವುದು ಅಪರೂಪ.

ರಾಜ್ಯ ಸರ್ಕಾರದ ಯೋಜನೆಗಳ ಕಡೆಗೆ ಬಂದರೆ, 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ನಮ್ಮ ಜಿಲ್ಲೆಯ ಮಟ್ಟಿಗೆ ವಿಚಿತ್ರವಾದ ಉದಾಹರಣೆ. ರೈತರ ಮಕ್ಕಳಿಗೆ ಜಾತಿಯ ಭೇದವಿಲ್ಲದೆ ನೆರವು ಕೊಡುವ ಉದ್ದೇಶ ಒಳ್ಳೆಯದೇ. ಆದರೆ ಅದಕ್ಕೆ ಆಧಾರ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ನೋಂದಣಿ, ಆ ನೋಂದಣಿಗೆ ಆಧಾರ ಪಹಣಿಯಲ್ಲಿರುವ ಹೆಸರು. ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನುಗಳಲ್ಲಿ, ಪಹಣಿಯ ಮೇಲೆ ಒಕ್ಕದ (ಮನೆತನದ) ಮುಖ್ಯಸ್ಥರಾದ ಪಟ್ಟೆದಾರರ ಹೆಸರೇ ಇರುವುದು ಸಾಮಾನ್ಯ, ಎಷ್ಟೋ ಕಡೆ ಆ ಪಟ್ಟೆದಾರರು ತೀರಿಕೊಂಡು ದಶಕಗಳೇ ಕಳೆದಿವೆ. ಬಾಯಿಮಾತಿನ ಪಾಲಿನಲ್ಲಿ ಬಂದ ಗದ್ದೆಯನ್ನು ತಾನೇ ಉಳುತ್ತಾ, ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನಿನ) ಕಾಫಿಯನ್ನು ತಾನೇ ನೋಡಿಕೊಳ್ಳುತ್ತಿರುವ ಮನುಷ್ಯ ದಾಖಲೆಯ ಪ್ರಕಾರ ರೈತನೇ ಅಲ್ಲ, ಆದ್ದರಿಂದ ಅವನ ಮಗಳು ರೈತನ ಮಗಳೂ ಅಲ್ಲ. ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಹೇಳುವುದು ಸುಲಭ, ಒಕ್ಕದ ಹತ್ತಾರು ಮಂದಿಯ ಒಪ್ಪಿಗೆ ಪಡೆದು ಅದನ್ನು ಮಾಡಿಸಿ ಮುಗಿಸುವ ಹೊತ್ತಿಗೆ ಮಗಳ ಪದವಿಯೂ ಮುಗಿದಿರುತ್ತದೆ. ಇತ್ತ ಹೆಸರು ಸರಿಯಾಗಿರುವ ಪಹಣಿಯೊಂದು ಕೈಯಲ್ಲಿದ್ದರೆ ಒಂದು ಎಕರೆಯವರ ಮಗನಿಗೂ ನೂರು ಎಕರೆ ತೋಟದವರ ಮಗನಿಗೂ ಒಂದೇ ಮೊತ್ತ.

ಮೊತ್ತದಲ್ಲಿ ವ್ಯತ್ಯಾಸ ಇರುವುದು ಕೋರ್ಸಿಗೆ ತಕ್ಕಂತೆ. ಆರಂಭದಲ್ಲಿ ನಿಗದಿಯಾದ ದರದಂತೆ ಪಿಯುಸಿ, ಐಟಿಐ ಓದುವ ಹುಡುಗನಿಗೆ ವರ್ಷಕ್ಕೆ 2,500 ರೂಪಾಯಿ, ಎಂಬಿಬಿಎಸ್ ಅಥವಾ ಎಂಜಿನಿಯರಿಂಗ್ ಓದುವವನಿಗೆ 10,000 ರೂಪಾಯಿ. ಹುಡುಗಿಯರಿಗೆ ಇದಕ್ಕಿಂತ ಐನೂರು, ಸಾವಿರ ಹೆಚ್ಚು. ವೈದ್ಯಕೀಯ ಸೀಟು ಪಡೆದವನು ಹತ್ತು ಸಾವಿರ ಬರಲಿಲ್ಲವೆಂದು ಓದು ಬಿಟ್ಟದ್ದನ್ನು ನಾನು ಕಂಡಿಲ್ಲ, ಬಸ್ಸಿನ ಖರ್ಚಿಗೆ ಸೋತು ಪಿಯುಸಿ ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಮಕ್ಕಳು ಕೈಬಿಟ್ಟು ಹೋಗುವ ಹಂತದಲ್ಲಿಯೇ ನೆರವು ಅತಿ ಕಡಿಮೆ ಇರುವುದು ರೈತ ವಿದ್ಯಾನಿಧಿಗೆ ಮಾತ್ರ ಅಂಟಿದ ದೋಷವಲ್ಲ. ಪರಿಶಿಷ್ಟ ಪಂಗಡದವರ ಕೇಂದ್ರ ವಿದ್ಯಾರ್ಥಿವೇತನದಲ್ಲಿ ಮನೆಯಿಂದ ಓಡಾಡುವ ಪಿಯುಸಿ ವಿದ್ಯಾರ್ಥಿಗೆ 2010ರಲ್ಲಿ ನಿಗದಿಯಾದ ನಿರ್ವಹಣಾ ಭತ್ಯೆ ತಿಂಗಳಿಗೆ 230 ರೂಪಾಯಿ. ಪರಿಶಿಷ್ಟ ಜಾತಿಯವರ ಯೋಜನೆ 2021ರಲ್ಲಿ ಪರಿಷ್ಕರಣೆಯಾದ ಮೇಲೂ ಬಿ.ಎ., ಬಿ.ಕಾಂ. ಓದುತ್ತಾ ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 3,000 ರೂಪಾಯಿ, ತಿಂಗಳಿಗೆ ಹಂಚಿದರೆ 250. ಯರವ, ಜೇನುಕುರುಬ ಬುಡಕಟ್ಟುಗಳ ಹಾಡಿಗಳಿಂದ ಪಿಯುಸಿವರೆಗೆ ಬರುವ ಮಕ್ಕಳೇ ಬೆರಳೆಣಿಕೆಯಷ್ಟು. ಅವರನ್ನು ಈ ಮೊತ್ತ ಕಾಲೇಜಿನಲ್ಲಿ ಹಿಡಿದು ನಿಲ್ಲಿಸುತ್ತದೆ ಎಂದು ನಂಬುವುದು ಹೇಗೆ?

ಬಸ್ಸಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರ ಓಡಾಟದ ಖರ್ಚು ಉಳಿಯಿತು ಎಂಬ ಮಾತು ಮೈಸೂರಿಗೆ ಸರಿ. ಕೊಡಗಿನ ಒಳಭಾಗದ ಎಷ್ಟೋ ಊರುಗಳಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಉಚಿತ ಟಿಕೆಟ್ ಇಲ್ಲ, ಹುಡುಗರಿಗೆ ಸಾರಿಗೆ ಸಂಸ್ಥೆಯ ವಿದ್ಯಾರ್ಥಿ ಪಾಸೂ ನಡೆಯುವುದಿಲ್ಲ. ಬಯಲುಸೀಮೆಯ ಲೆಕ್ಕದಲ್ಲಿ ರೂಪಿಸಿದ ನೆರವು ಗುಡ್ಡಗಾಡಿನ ಜಿಲ್ಲೆಗೆ ಬರುವಾಗ ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ.

ಇನ್ನು ಹಣ ಕೈಸೇರುವ ಕಾಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ರಾಜ್ಯ ತನ್ನ ಪಾಲನ್ನು ಹಾಕಿದ ನಂತರವೇ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೆ ಬರುವ ಏರ್ಪಾಡು. ಕಾಲೇಜಿನವರು ಶುಲ್ಕ ಕೇಳುವುದು ಪ್ರವೇಶದ ದಿನ, ಹಣ ಬರುವುದು ಹಲವೊಮ್ಮೆ ಪರೀಕ್ಷೆ ಮುಗಿದ ಮೇಲೆ. ನಡುವಿನ ತಿಂಗಳುಗಳಲ್ಲಿ ತಾಯಿ ಸ್ವಸಹಾಯ ಸಂಘದಲ್ಲಿ ಸಾಲ ಎತ್ತುತ್ತಾಳೆ, ಇಲ್ಲವೇ ತಂದೆ ತೋಟದ ಲೆಕ್ಕ ನೋಡುವ ರೈಟರ್ ಬಳಿ ಮುಂಗಡ ಕೇಳುತ್ತಾನೆ. ಆ ಮುಂಗಡ ತೀರುವವರೆಗೆ ಬೇರೆ ತೋಟದಲ್ಲಿ ಹೆಚ್ಚು ಕೂಲಿ ಸಿಕ್ಕರೂ ಕುಟುಂಬ ಕದಲುವಂತಿಲ್ಲ. ಮಗನ ಓದಿಗೆಂದು ಸರ್ಕಾರ ಮಂಜೂರು ಮಾಡಿದ ಹಣ ತಡವಾದದ್ದಕ್ಕೆ ಇಡೀ ಮನೆ ಒಂದೇ ಲೈನಿಗೆ ಕಟ್ಟುಬೀಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಟವರೂ ಸತ್ತುಹೋಗುವ ಊರುಗಳಲ್ಲಿ ಆಧಾರ್ ಜೋಡಣೆ, ಒಟಿಪಿ, ದಾಖಲೆಗಳ ಇ-ದೃಢೀಕರಣ ಎಂದು ಮಕ್ಕಳು ಪಡುವ ಪಾಡನ್ನು ಇಲ್ಲಿ ವಿವರಿಸುವುದಿಲ್ಲ. ಅದು ತಮ್ಮ ಓದುಗರಿಗೆ ಹೊಸದಲ್ಲ.

ಮಿತಿ ಏರಿಸಿದರೆ ಉಳ್ಳವರೂ ನುಗ್ಗುತ್ತಾರೆ ಎಂಬ ಆಕ್ಷೇಪ ಬರಬಹುದು. ಉಳ್ಳವರು ಈಗಲೂ ನುಗ್ಗುತ್ತಿದ್ದಾರೆ ಎಂಬುದು ಕಡತ ನೋಡಿದವರಿಗೆಲ್ಲ ಗೊತ್ತು. ಸಂಬಳದಾರನ ಆದಾಯ ಸಂಬಳದ ಚೀಟಿಯಲ್ಲಿ ಪೈಸೆ ಬಿಡದೆ ಕಾಣುತ್ತದೆ, ತೋಟದ ಆದಾಯ ಮಾತ್ರ ಅಂದಾಜಿನದು. ಕಾಫಿಗೆ ದಾಖಲೆಯ ಬೆಲೆ ಬಂದ ವರ್ಷವೂ ಕಾರಿನಲ್ಲಿ ಬಂದಿಳಿಯುವ ಪೋಷಕರ ಪ್ರಮಾಣಪತ್ರದಲ್ಲಿ ಹಿಂದಿನ ಅಂಕಿಯೇ ಇರುತ್ತದೆ, ಏಕೆಂದರೆ ಆ ಪತ್ರದ ಅವಧಿ ಐದು ವರ್ಷ. ಇದನ್ನು ತಡೆಯಬೇಕಾದದ್ದು ಪರಿಶೀಲನೆಯಿಂದಲೇ ಹೊರತು 2013ರ ಹಳೆಯ ಮಿತಿಯಿಂದಲ್ಲ.

ಕೇಂದ್ರದ ಮಿತಿಯನ್ನು ಬದಲಿಸುವುದು ರಾಜ್ಯದ ಕೈಯಲ್ಲಿಲ್ಲ ಎಂಬುದು ನಿಜ, ಆದರೆ ಅದಕ್ಕಾಗಿ ಒತ್ತಾಯಿಸುವುದು ನಮ್ಮ ಸಂಸದರ ಮತ್ತು ಶಾಸಕರ ಕೈಯಲ್ಲಿದೆ. ರಾಜ್ಯ ಸರ್ಕಾರ ತಾನೇ ಮಾಡಬಹುದಾದದ್ದೂ ಇದೆ. ಮಿತಿಯನ್ನು ಸ್ವಲ್ಪ ದಾಟಿದ ಕುಟುಂಬಗಳ ಮಕ್ಕಳಿಗೆ ರಾಜ್ಯದ ಬೊಕ್ಕಸದಿಂದ ಭಾಗಶಃ ನೆರವು ಕೊಡಲಿ. ಜಮ್ಮಾ ಹಿಡುವಳಿಯ ಕುಟುಂಬಗಳ ವಿಷಯದಲ್ಲಿ ಪಹಣಿಯ ಹೆಸರಿನ ಬದಲು ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲಿಸಿ ಕೊಡುವ ಸಾಗುವಳಿ ದೃಢೀಕರಣವನ್ನು ಒಪ್ಪಿಕೊಳ್ಳಲಿ. ಸರ್ಕಾರಿ ಬಸ್ಸಿಲ್ಲದ ಮಾರ್ಗಗಳ ವಿದ್ಯಾರ್ಥಿಗಳಿಗೆ ಬಸ್ ಪಾಸಿನ ಬದಲಾಗಿ ಪ್ರಯಾಣ ಭತ್ಯೆ ನೀಡಲಿ. ಇವಕ್ಕೆಲ್ಲ ಬಜೆಟ್ ಬೇಕು, ಸಮಯವೂ ಬೇಕು. ವಿದ್ಯಾರ್ಥಿವೇತನ ಮಂಜೂರಾಗಿ ಹಣ ಬಾಕಿ ಇರುವ ಯಾವ ವಿದ್ಯಾರ್ಥಿಯಿಂದಲೂ ಪ್ರವೇಶದ ಸಮಯದಲ್ಲಿ ಶುಲ್ಕ ಕೇಳಬಾರದು, ಆ ಕಾರಣಕ್ಕೆ ಹಾಲ್ ಟಿಕೆಟ್ ತಡೆಹಿಡಿಯಬಾರದು ಎಂಬ ಕಟ್ಟುನಿಟ್ಟಿನ ಸುತ್ತೋಲೆಗೆ ಎರಡೂ ಬೇಡ. ಉನ್ನತ ಶಿಕ್ಷಣ ಇಲಾಖೆ ಅದನ್ನು ಈ ಸೆಮಿಸ್ಟರ್ ಪರೀಕ್ಷೆಗೆ ಮುಂಚೆಯೇ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ನಿವೃತ್ತ ಉಪನ್ಯಾಸಕ
ವಿರಾಜಪೇಟೆ, ಕೊಡಗು